ಥಾಲಿಡೋಮೈಡ್: ಆ ಮಾತ್ರೆ ಯಾರನ್ನ ಯಾರ ಜೊತೆ ಅಂಟಿಸಿತು?

ಇವತ್ತಿನ ಕಂತು ಸ್ವಲ್ಪ ಉದ್ದ ಇದೆ. ಒಂದು ನಿದ್ದೆ ಮಾತ್ರೆ, ಅದು ಮಾಡಿದ ಅನಾಹುತ, ಆ ಅನಾಹುತ ಹೇಗಾಯ್ತು ಅಂತ ತಿಳಿಯೋಕೆ ಹಿಡಿದ ಸುಮಾರು ಐವತ್ತೇಳು ವರ್ಷ, ಕೊನೆಗೆ ಅದನ್ನ ಹಿಡಿದುಕೊಟ್ಟ ಒಂದು ಥರದ ತಕ್ಕಡಿ.

ನನಗೆ ಈ ವಿಷಯ ಅಂಟಿಕೊಂಡಿದ್ದು ತಿಪಟೂರಿನ ದೊಡ್ಡಪ್ಪನ ಮನೆಯಲ್ಲಿ. ದೊಡ್ಡಪ್ಪನಿಗೆ ಮಲ್ಟಿಪಲ್ ಮೈಲೋಮಾ, ಅಂದ್ರೆ ಮೂಳೆಮಜ್ಜೆಯ ಒಂದು ಕ್ಯಾನ್ಸರ್. ಡಾಕ್ಟರ್ ಲೆನಲಿಡೋಮೈಡ್ ಅನ್ನೋ ಕ್ಯಾಪ್ಸೂಲ್ ಬರೆದುಕೊಟ್ಟಿದ್ರು. ಡಬ್ಬದ ಮೇಲೆ ಬಸುರಿ ಹೆಂಗಸಿನ ಚಿತ್ರ, ಅದರ ಮೇಲೆ ಅಡ್ಡಗೀಟು. "ಅರವತ್ತೆಂಟು ವರ್ಷದ ಮುದುಕ ನಾನು, ನಂಗ್ಯಾಕಪ್ಪ ಈ ಚಿತ್ರ ಕೊಟ್ಟವ್ರೆ?" ಅಂತ ನಗಾಡ್ತಾ ಡಬ್ಬ ನನ್ನ ಕೈಗೆ ಕೊಟ್ರು. ನಾನೂ ನಕ್ಕೆ. ಆದರೆ ಆ ಮನೆಯಲ್ಲಿ ದಿನಾ ಮಾತ್ರೆ ಎಣಿಸಿ ವಾರದ ಡಬ್ಬಿಗೆ ಹಾಕ್ತಿದ್ದಿದ್ದು ಅತ್ತಿಗೆ. ಅವರಿಗೆ ಆಗ ಎರಡು ತಿಂಗಳು. ಒಳಗಿದ್ದ ಕಾಗದವನ್ನ ಪೂರ್ತಿ ಓದಿದವರು ಯಾರೂ ಇರಲಿಲ್ಲ. ನಾನು ಓದಿದೆ. ಅಂದಿನಿಂದ ಮಾತ್ರೆ ಎಣಿಸೋ ಕೆಲಸ ಅಣ್ಣನದಾಯ್ತು. ಅತ್ತಿಗೆಗೆ ಹೆಣ್ಣುಮಗು, ಆರಾಮಾಗಿದೆ. ಕ್ಯಾಪ್ಸೂಲ್ ಒಡೆಯದೆ ಮುಟ್ಟಿದ್ರೆ ಅಪಾಯ ಕಡಿಮೆ ಅಂತ ಆಮೇಲೆ ಡಾಕ್ಟರ್ ಹೇಳಿದ್ರು. ಆದ್ರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫೋನ್ ಹಿಡಕೊಂಡು ಓದ್ತಾ ಓದ್ತಾ ಬೆಳಗಾಯ್ತು.

ಲೆನಲಿಡೋಮೈಡ್‌ನ ಅಮ್ಮ ಥಾಲಿಡೋಮೈಡ್. ಅದರ ಕಥೆ ಪಶ್ಚಿಮ ಜರ್ಮನಿಯ ಸ್ಟೋಲ್‌ಬರ್ಗ್ ಊರಲ್ಲಿ ಶುರುವಾಗುತ್ತೆ. ಅಲ್ಲಿ ಕೆಮೀ ಗ್ರೂನೆಂಥಾಲ್ ಅನ್ನೋ ಔಷಧ ಕಂಪನಿ 1954ರಲ್ಲಿ ಇದನ್ನ ತಯಾರಿಸಿತು. ಇಲಿಗಳಿಗೆ ಎಷ್ಟು ಕೊಟ್ಟರೂ ಸಾಯ್ತಿರಲಿಲ್ಲ. ಹಾಗಾಗಿ ಇದು ಅತ್ಯಂತ ಸುರಕ್ಷಿತ ನಿದ್ದೆ ಮಾತ್ರೆ ಅಂತ ಪ್ರಚಾರ. 1957ರ ಅಕ್ಟೋಬರ್ 1ರಂದು ಕಾಂಟೆರ್ಗಾನ್ ಹೆಸರಲ್ಲಿ ಮಾರಾಟಕ್ಕೆ ಬಂತು, ಡಾಕ್ಟರ್ ಚೀಟಿಯೂ ಬೇಕಿರಲಿಲ್ಲ. ಬ್ರಿಟನ್ನಿನಲ್ಲಿ ಡಿಸ್ಟವಾಲ್. ಬಸುರಿಯರ ವಾಂತಿ, ಓಕರಿಕೆಗೂ ಒಳ್ಳೇದು ಅಂತ ಕೊಟ್ಟರು.

ಮಾರಾಟ ಶುರುವಾಗೋಕೆ ಸುಮಾರು ಒಂಬತ್ತು ತಿಂಗಳು ಮುಂಚೆ, 1956ರ ಕ್ರಿಸ್‌ಮಸ್ ದಿನ, ಅದೇ ಕಂಪನಿಯ ಒಬ್ಬ ನೌಕರನ ಮನೆಯಲ್ಲಿ ಹೆಣ್ಣುಮಗು ಹುಟ್ಟಿತ್ತು. ಕಿವಿಗಳೇ ಇರಲಿಲ್ಲ. ಗಂಡ ಫ್ಯಾಕ್ಟರಿಯಿಂದ ತಂದ ಮಾತ್ರೆಯನ್ನ ಹೆಂಡತಿ ತಗೊಂಡಿದ್ಲು. ಆ ಎರಡು ಸಂಗತಿಗಳನ್ನ ಆಗ ಯಾರೂ ಜೋಡಿಸಲಿಲ್ಲ.

ಮುಂದಿನ ನಾಲ್ಕು ವರ್ಷದಲ್ಲಿ ಕೈಯಿಲ್ಲದ, ಕಾಲಿಲ್ಲದ, ಭುಜದಿಂದಲೇ ಅಂಗೈ ಹೊರಟ ಮಕ್ಕಳು ಹುಟ್ಟತೊಡಗಿದರು. ಹ್ಯಾಂಬರ್ಗ್‌ನ ಮಕ್ಕಳ ಡಾಕ್ಟರ್ ವಿಡುಕಿಂಡ್ ಲೆಂಝ್ ಆ ತಾಯಂದಿರನ್ನ ಹುಡುಕಿಕೊಂಡು ಹೋಗಿ, ಏನು ತಿಂದ್ರಿ, ಏನು ಕುಡಿದ್ರಿ, ಯಾವ ಮಾತ್ರೆ ತಗೊಂಡ್ರಿ ಅಂತ ಕೇಳ್ತಾ ಹೋದರು. 1961ರ ನವೆಂಬರ್ ಮಧ್ಯದಲ್ಲಿ ಕಂಪನಿಗೆ ಫೋನ್ ಮಾಡಿ ಮಾತ್ರೆ ವಾಪಸ್ ತಗೊಳ್ಳಿ ಅಂದರು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ, ತಿಂಗಳ ಕೊನೆಯಲ್ಲಿ, ಕಂಪನಿ ವಾಪಸ್ ತಗೊಂಡಿತು. ಅತ್ತ ಸಿಡ್ನಿಯ ವಿಲಿಯಂ ಮೆಕ್‌ಬ್ರೈಡ್ ಅನ್ನೋ ಡಾಕ್ಟರ್ ಬರೆದ ಪುಟ್ಟ ಪತ್ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯ್ತು. ಅಷ್ಟರಲ್ಲಿ 46 ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟಿದ್ದರು. ಎಷ್ಟೋ ಮಕ್ಕಳು ಉಳಿಯಲೇ ಇಲ್ಲ.

ಅಮೆರಿಕದಲ್ಲಿ ಮಾತ್ರ ಇದು ಅಂಗಡಿಗೆ ಬರಲಿಲ್ಲ. ಅಲ್ಲಿನ ಎಫ್‌ಡಿಎಗೆ 1960ರಲ್ಲಿ ಹೊಸದಾಗಿ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಅನ್ನೋ ಅಧಿಕಾರಿ, ದಾಖಲೆ ಸಾಲದು, ಇನ್ನೂ ಕೊಡಿ, ಇನ್ನೂ ಕೊಡಿ ಅಂತ ಕಡತ ವಾಪಸ್ ಕಳಿಸ್ತಾನೇ ಇದ್ರು. ಆಕೆಗೆ 1962ರಲ್ಲಿ ಕೆನಡಿ ಪದಕ ಕೊಟ್ಟರು. ಅವರ ಬಗ್ಗೆ ವಿಡಿಯೋ ಬೇಕಾದಷ್ಟಿವೆ, ನೋಡಿ. ನನಗೆ ಬೇಕಾಗಿರೋದು ಬೇರೆ ಪ್ರಶ್ನೆ.

ಮಾತ್ರೆ ತಿಂದರೆ ಮಗುವಿಗೆ ಕೈ ಬೆಳೆಯಲ್ಲ ಅನ್ನೋದು 1961ಕ್ಕೇ ಗೊತ್ತಾಯ್ತು. ಗರ್ಭ ನಿಂತ ಸುಮಾರು 20ರಿಂದ 36ನೇ ದಿನದೊಳಗೆ ತಿಂದರೆ ಅಪಾಯ ಅನ್ನೋದೂ ಗೊತ್ತಾಯ್ತು. ಆದರೆ ಒಳಗೆ ನಡೆಯೋದೇನು? ಸಕ್ಕರೆ ಅಣುವಿಗಿಂತಲೂ ಚಿಕ್ಕದು ಥಾಲಿಡೋಮೈಡ್, ಅದರ ತೂಕ 258 ಡಾಲ್ಟನ್. ಅಷ್ಟು ಸಣ್ಣದು ಮೈಯೊಳಗೆ ಹೋಗಿ ಯಾರನ್ನ ಮುಟ್ಟುತ್ತೆ? 1968ರಲ್ಲಿ ಜರ್ಮನಿಯಲ್ಲಿ ಕಂಪನಿಯವರ ಮೇಲೆ ಮೊಕದ್ದಮೆ ಶುರುವಾದಾಗ, ಮಾತ್ರೆಗೂ ಮಕ್ಕಳ ಸ್ಥಿತಿಗೂ ಸಂಬಂಧ ಸಾಬೀತಾಗಿಲ್ಲ ಅಂತಲೇ ಅವರ ವಕೀಲರು ವಾದ ಮಾಡಿದ್ದು. ತೀರ್ಪು ಬರದೇ, 1970ರಲ್ಲಿ, ಹತ್ತು ಕೋಟಿ ಮಾರ್ಕ್ ಪರಿಹಾರದ ಒಪ್ಪಂದದೊಂದಿಗೆ ಅದು ಮುಗಿಯಿತು. ಅಂದ್ರೆ "ಹೇಗೆ" ಅನ್ನೋ ಪ್ರಶ್ನೆ ಬರೀ ವಿಜ್ಞಾನಿಗಳ ಕುತೂಹಲದ್ದಲ್ಲ. ಆ ಮನೆಗಳವರಿಗೆ ಅದು ಕೋರ್ಟಿನ ಪ್ರಶ್ನೆ ಕೂಡ ಆಗಿತ್ತು. ಮುಂದಿನ ದಶಕಗಳಲ್ಲಿ ಮೂವತ್ತಕ್ಕೂ ಹೆಚ್ಚು ಊಹೆಗಳು ಬಂದವು. ಯಾವುದೂ ನಿಲ್ಲಲಿಲ್ಲ.

ಪಿಯುಸಿಯಲ್ಲಿ ಸೈನ್ಸ್ ಓದಿದವರು ಈಗ ಕೈ ಎತ್ತುತ್ತೀರಿ, ಗೊತ್ತು. "ಥಾಲಿಡೋಮೈಡ್‌ಗೆ ಎಡಗೈ ಬಲಗೈ ಥರ ಎರಡು ರೂಪ ಇದೆ, ಒಂದು ಒಳ್ಳೇದು, ಒಂದು ಕೆಟ್ಟದ್ದು, ಬೇರೆ ಮಾಡಿದ್ರೆ ಆಗ್ತಿತ್ತು." ನನ್ನ ರೂಮ್‌ಮೇಟ್ ಕೂಡ ಇದನ್ನೇ ಹೇಳ್ದ. ಎರಡು ರೂಪ ಇರೋದು ನಿಜ. ಆದರೆ ಮೈಯೊಳಗೆ ಹೋದ ಮೇಲೆ ಒಂದು ಇನ್ನೊಂದಾಗಿ ತಿರುಗ್ತಾನೇ ಇರುತ್ತೆ. ಒಳ್ಳೇದನ್ನ ಮಾತ್ರ ಆರಿಸಿ ಕೊಟ್ಟಿದ್ರೂ ಆ ಮಕ್ಕಳು ಬಚಾವಾಗ್ತಿರಲಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಇಷ್ಟೆಲ್ಲ ಆದ ಮೇಲೂ ಈ ಮಾತ್ರೆ ಸಾಯಲಿಲ್ಲ. 1964ರಲ್ಲಿ ಜೆರುಸಲೇಂನ ಜೇಕಬ್ ಶೆಸ್ಕಿನ್ ಅನ್ನೋ ಡಾಕ್ಟರ್, ಕುಷ್ಠರೋಗದ ಒಂದು ಭಯಂಕರ ನೋವಿನ ಸ್ಥಿತಿಯಲ್ಲಿ ನಿದ್ದೆಯೇ ಇಲ್ಲದೆ ನರಳ್ತಿದ್ದ ರೋಗಿಗೆ, ಬೇರೆ ದಾರಿ ಕಾಣದೆ ಥಾಲಿಡೋಮೈಡ್ ಕೊಟ್ಟರು. ನಿದ್ದೆಯೂ ಬಂತು, ಮೈಮೇಲಿನ ಗಂಟುಗಳೂ ಇಳಿದವು. 1994ರಲ್ಲಿ ಬಾಸ್ಟನ್‌ನ ರಾಬರ್ಟ್ ಡಮಾಟೊ ಇದು ಹೊಸ ರಕ್ತನಾಳ ಬೆಳೆಯೋದನ್ನ ತಡೆಯುತ್ತೆ ಅಂತ ತೋರಿಸಿದರು. ಅದನ್ನ ನೆಚ್ಚಿ ಅಮೆರಿಕದ ಅರ್ಕಾನ್ಸಾದಲ್ಲಿ ಬೇರೆ ಯಾವ ಚಿಕಿತ್ಸೆಗೂ ಬಗ್ಗದ 84 ಮೈಲೋಮಾ ರೋಗಿಗಳಿಗೆ ಕೊಟ್ಟು ನೋಡಿದರು. ಮೂರರಲ್ಲಿ ಒಂದು ಪಾಲು ಜನರಿಗೆ ಗುಣ ಕಾಣಿಸಿತು. 1999ರಲ್ಲಿ ಬಂದ ಆ ವರದಿಯ ಮೊದಲ ಹೆಸರು ಸೀಮಾ ಸಿಂಘಾಲ್. ಆಮೇಲೆ ಇದರ ಮಗಳು ಲೆನಲಿಡೋಮೈಡ್ ಬಂತು. 2021ರಲ್ಲಿ ಆ ಒಂದೇ ಔಷಧದ ಮಾರಾಟ 1,280 ಕೋಟಿ ಡಾಲರ್. ಈ ಅಂಕಿಯನ್ನ ಬಿ.ಕಾಂ ಓದಿದ ನಾನು ಎರಡು ಸಲ ನೋಡಿದೆ. ಆದರೆ 2010ರವರೆಗೆ, ಲಕ್ಷಾಂತರ ಜನಕ್ಕೆ ಬರೆದುಕೊಡ್ತಿದ್ದ ಈ ಮಾತ್ರೆ ದೇಹದಲ್ಲಿ ಯಾರ ಮೇಲೆ ಕೂರುತ್ತೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ!

ಸರಿ, ಈಗ ತಕ್ಕಡಿಗೆ ಬರೋಣ.

ಅದರ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಹೆಸರು ಕೇಳಿ ಹೆದರಬೇಡಿ, ಮಾಡೋ ಕೆಲಸ ನಮ್ಮ ದಿನಸಿ ಅಂಗಡಿಯದೇ: ತೂಗೋದು. ತೂಗೋದು ಅಣುಗಳನ್ನ, ಅಷ್ಟೇ ವ್ಯತ್ಯಾಸ. ಅಣುವಿಗೆ ವಿದ್ಯುತ್ ಚಾರ್ಜ್ ಕೊಟ್ಟು ಗಾಳಿಯೇ ಇಲ್ಲದ ಕೊಳವೆಯಲ್ಲಿ ಹಾರಿಸ್ತಾರೆ. ಹಗುರ ಇದ್ದದ್ದು ಬೇಗ ತಿರುಗುತ್ತೆ, ಭಾರ ಇದ್ದದ್ದು ನಿಧಾನ. ಖಾಲಿ ಬೈಕನ್ನ ತಿರುವಿನಲ್ಲಿ ವಾಲಿಸೋದಕ್ಕೂ ಎರಡು ಮೂಟೆ ಅಕ್ಕಿ ಹೇರಿದ ಬೈಕನ್ನ ವಾಲಿಸೋದಕ್ಕೂ ಇರೋ ವ್ಯತ್ಯಾಸ. ಕೇಂಬ್ರಿಡ್ಜ್‌ನಲ್ಲಿ ಜೆ.ಜೆ. ಥಾಮ್ಸನ್ 1912ರ ಹೊತ್ತಿಗೇ ಇಂಥ ಯಂತ್ರದಲ್ಲಿ ನಿಯಾನ್ ಅನಿಲ ಹಾರಿಸಿ, ಅದರಲ್ಲಿ 20 ತೂಕದ್ದು, 22 ತೂಕದ್ದು ಎರಡೂ ಇದೆ ಅಂತ ಕಂಡಿದ್ದರು.

ಆದರೆ ಪ್ರೋಟೀನ್ ಹಾರಲ್ಲ. ಅದು ದೊಡ್ಡದು, ಸೂಕ್ಷ್ಮ. ಬಿಸಿ ಮಾಡಿ ಆವಿ ಮಾಡ್ತೀನಿ ಅಂದ್ರೆ ಮೊಟ್ಟೆ ಬೆಂದ ಹಾಗೆ ಬೆಂದುಹೋಗುತ್ತೆ. ಹಾಗಾಗಿ ಮುಕ್ಕಾಲು ಶತಮಾನ ಈ ತಕ್ಕಡಿ ಜೀವವಿಜ್ಞಾನಿಗಳಿಗೆ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ಇದನ್ನ ಬದಲಾಯಿಸಿದವರಲ್ಲಿ ಮುಖ್ಯ ಯೇಲ್ ವಿಶ್ವವಿದ್ಯಾಲಯದ ಜಾನ್ ಫೆನ್. ಪ್ರೋಟೀನ್ ಇರೋ ದ್ರವವನ್ನ ಸೂಜಿಯಂಥ ಕೊಳವೆಯಿಂದ, ಹೆಚ್ಚು ವೋಲ್ಟೇಜ್ ಕೊಟ್ಟು, ತುಂತುರಾಗಿ ಚಿಮ್ಮಿಸಿದರು. ಹನಿ ಆರುತ್ತಾ ಆರುತ್ತಾ ಚಿಕ್ಕದಾಗುತ್ತೆ, ಕೊನೆಗೆ ನೀರು ಹೋಗಿ ಚಾರ್ಜ್ ಹೊತ್ತ ಪ್ರೋಟೀನ್ ಒಂದೇ ಉಳಿಯುತ್ತೆ. ಬೇಯಲ್ಲ, ಒಡೆಯಲ್ಲ, ಹಾರುತ್ತೆ. ಈ ಕೆಲಸ ಪ್ರೋಟೀನ್‌ಗಳ ಮೇಲೆ ಫಲ ಕೊಟ್ಟಾಗ ಫೆನ್‌ಗೆ ಎಪ್ಪತ್ತು ದಾಟಿತ್ತು, ವಿಶ್ವವಿದ್ಯಾಲಯದ ನಿಯಮದ ಪ್ರಕಾರ ರಿಟೈರ್ ಆಗಿದ್ದರು. 2002ರಲ್ಲಿ ನೊಬೆಲ್ ಬಂದಾಗ 85. ಆನೆಗೆ ರೆಕ್ಕೆ ಕಟ್ಟಿದ್ದು ಅಂತ ಅವರೇ ತಮ್ಮ ಕೆಲಸವನ್ನ ಕರೆದುಕೊಂಡರು.

1991ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಾನೆಮ್, ಲಿ, ಹೆನಿಯನ್ ಅನ್ನೋ ಮೂವರು ಇದೇ ತುಂತುರಿನಲ್ಲಿ ಒಂದು ಧೈರ್ಯ ಮಾಡಿದರು. ಪ್ರೋಟೀನ್ ಒಂದನ್ನೇ ಅಲ್ಲ, ಔಷಧ ಅಂಟಿಕೊಂಡಿರೋ ಪ್ರೋಟೀನನ್ನೇ ತೂಗಿದರು. ಅವರು ಆರಿಸಿಕೊಂಡ ಪ್ರೋಟೀನಿನ ಹೆಸರು ಎಫ್‌ಕೆಬಿಪಿ, ತೂಕ ಸುಮಾರು 12 ಸಾವಿರ ಡಾಲ್ಟನ್. ಔಷಧ ಎಫ್‌ಕೆ506, ತೂಕ 804. ಜಪಾನಿನ ತ್ಸುಕುಬಾ ಬೆಟ್ಟದ ಬುಡದ ಮಣ್ಣಿನಿಂದ ಸಿಕ್ಕಿದ್ದು, ಕಸಿ ಮಾಡಿದ ಕಿಡ್ನಿ, ಲಿವರ್ ಅನ್ನ ದೇಹ ತಿರಸ್ಕರಿಸದ ಹಾಗೆ ನೋಡಿಕೊಳ್ಳೋದು. ಪ್ರೋಟೀನ್ ತೂಕದ ಜಾಗದಿಂದ ಸರಿಯಾಗಿ ಔಷಧದ ತೂಕದಷ್ಟು ಮುಂದೆ ಇನ್ನೊಂದು ಗೆರೆ ಬಂತು. ರಾಪಮೈಸಿನ್ ಹಾಕಿದರೆ 914ರಷ್ಟು ಮುಂದೆ. ಎರಡರ ನಡುವೆ ಇದ್ದದ್ದು ಗಟ್ಟಿ ಬೆಸುಗೆ ಅಲ್ಲ, ಕೈ ಹಿಡಿದುಕೊಂಡ ಹಾಗೆ ಸಡಿಲ ಸಂಬಂಧ. ಅದೂ ಹಾರಾಟದಲ್ಲಿ ಉಳಿದಿತ್ತು.

ಅದೇ ವರ್ಷ ಹಾರ್ವರ್ಡ್‌ನ ಸ್ಟುವರ್ಟ್ ಶ್ರೈಬರ್ ಮತ್ತವರ ಜೊತೆಗಾರರು ಇನ್ನೊಂದು ಸಂಗತಿ ಪ್ರಕಟಿಸಿದರು. ಎಫ್‌ಕೆ506 ಎಫ್‌ಕೆಬಿಪಿಯನ್ನ ಹಿಡಿದು ಸುಮ್ಮನೆ ಕೂರಲ್ಲ. ಆ ಜೋಡಿ ಸೇರಿ ಮೂರನೆಯದಾದ ಕ್ಯಾಲ್ಸಿನ್ಯೂರಿನ್ ಅನ್ನೋ ಪ್ರೋಟೀನನ್ನ ತಬ್ಬುತ್ತೆ. ಔಷಧ ಇಲ್ಲದಿದ್ರೆ ಎಫ್‌ಕೆಬಿಪಿಗೂ ಕ್ಯಾಲ್ಸಿನ್ಯೂರಿನ್‌ಗೂ ಹೀಗೆ ತಬ್ಬೋ ಸಂಬಂಧವೇ ಇಲ್ಲ. ಅಲ್ಲಿವರೆಗೆ ಔಷಧ ಅಂದ್ರೆ ಬೀಗದ ತೂತಿಗೆ ತುರುಕಿದ ಕಡ್ಡಿ, ಬೀಗ ಕೆಲಸ ಮಾಡದ ಹಾಗೆ ತಡೆಯೋದು ಅಂತ ನಂಬಿಕೆ. ಇದು ಹಾಗಲ್ಲ, ಮದುವೆ ದಲ್ಲಾಳಿ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಎರಡು ಮನೆಯವರನ್ನ ಕೂಡಿಸುತ್ತೆ. ಈಗ ಇಂಥ ಔಷಧಗಳಿಗೆ ಮಾಲಿಕ್ಯುಲರ್ ಗ್ಲೂ ಅಂತಾರೆ, ಅಣು ಅಂಟು. ಥಾಲಿಡೋಮೈಡ್ ಕೂಡ ಇದೇ ಜಾತಿ ಅನ್ನೋದು ಹೊಳೆಯೋಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯ್ತು.

ಟೋಕಿಯೋ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಹಿರೋಶಿ ಹಂಡಾ ಅವರ ತಂಡ ಗಾಳ ಹಾಕೋ ಕೆಲಸಕ್ಕೆ ಸಣ್ಣ ಮಣಿಗಳನ್ನ ಮಾಡಿಟ್ಟುಕೊಂಡಿತ್ತು. ಮಣಿಯ ಒಳಗೆ ಕಬ್ಬಿಣದ ಅಂಶ, ಅಯಸ್ಕಾಂತ ಹಿಡಿದರೆ ಬರುತ್ತೆ. ಮೇಲ್ಮೈಗೆ ಥಾಲಿಡೋಮೈಡ್ ಕಟ್ಟಿದರು. ಮನುಷ್ಯರ ಕೋಶಗಳನ್ನ ಅರೆದು ಮಾಡಿದ ರಸದಲ್ಲಿ ಆ ಮಣಿಗಳನ್ನ ಅದ್ದಿ, ತೊಳೆದು, ಅಂಟಿಕೊಂಡದ್ದನ್ನ ಬಿಡಿಸಿಕೊಂಡರು. ಬಿಡಿಸಿದ್ದು ಹೇಗೆ ಗೊತ್ತಾ? ಬರೀ ಥಾಲಿಡೋಮೈಡ್ ದ್ರಾವಣ ಸುರಿದು. ನಿಜವಾಗಿ ಥಾಲಿಡೋಮೈಡನ್ನೇ ಹಿಡಿದಿದ್ದವು ಮಾತ್ರ ಮಣಿ ಬಿಟ್ಟು ಆ ಕಡೆ ಬರುತ್ತವೆ. ಸುಮ್ಮನೆ ಮೆತ್ತಿಕೊಂಡಿದ್ದವು ಅಲ್ಲೇ ಉಳಿಯುತ್ತವೆ. ಬಂದದ್ದು ಎರಡು ಪ್ರೋಟೀನ್.

ಯಾವುವು ಅಂತ ಹೇಗೆ ಗೊತ್ತಾಗಬೇಕು? ಇಲ್ಲಿ ತಕ್ಕಡಿ ಬರುತ್ತೆ. ಪ್ರೋಟೀನನ್ನ ತುಂಡು ತುಂಡು ಮಾಡಿ, ಪ್ರತಿ ತುಂಡಿನ ತೂಕ ತೆಗೆದು, ಮನುಷ್ಯನ ಎಲ್ಲ ಜೀನ್‌ಗಳ ಪಟ್ಟಿಯ ಜೊತೆ ತಾಳೆ ನೋಡ್ತಾರೆ. ಈ ತೂಕದ ತುಂಡುಗಳು ಯಾವ ಪ್ರೋಟೀನಿಂದ ಬರೋಕೆ ಸಾಧ್ಯ ಅಂತ ಕಂಪ್ಯೂಟರ್ ಹೇಳುತ್ತೆ. ಮಾನವ ಜೀನೋಮ್ ಪಟ್ಟಿ ಇಲ್ಲದೆ ಇದು ಆಗ್ತಿರಲಿಲ್ಲ. ಲೆಂಝ್ ಎಷ್ಟೇ ಬುದ್ಧಿವಂತರಾಗಿದ್ರೂ 1961ರಲ್ಲಿ ಇದಕ್ಕೆ ಉತ್ತರ ಸಿಗೋ ದಾರಿಯೇ ಇರಲಿಲ್ಲ. ಒಂದು ಪ್ರೋಟೀನ್ ಡಿಡಿಬಿ1. ಇನ್ನೊಂದು ಸೆರೆಬ್ಲಾನ್. ಮೊದಲ ಹಿಡಿತ ಸೆರೆಬ್ಲಾನ್‌ದು, ಡಿಡಿಬಿ1 ಅದರ ಕೈ ಹಿಡಿದು ಜೊತೆಗೆ ಬಂದದ್ದು.

2010ರ ಮಾರ್ಚ್‌ನಲ್ಲಿ ಇದು ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದೇ ವರ್ಷದ ಜನವರಿಯಲ್ಲಿ ಬ್ರಿಟಿಷ್ ಸರ್ಕಾರ ಥಾಲಿಡೋಮೈಡ್ ಸಂತ್ರಸ್ತರಿಗೆ ಪಾರ್ಲಿಮೆಂಟಲ್ಲಿ ವಿಷಾದ ಹೇಳಿತ್ತು. ಎರಡೂ ಒಂದೇ ಚಳಿಗಾಲದಲ್ಲಿ ಆಗಿದ್ದು ಕಾಕತಾಳೀಯ. ಆದರೂ ನನ್ನ ನೋಟ್ಸಲ್ಲಿ ಅವೆರಡನ್ನೂ ಒಂದರ ಕೆಳಗೆ ಒಂದು ಬರೆದಿಟ್ಟುಕೊಂಡಿದ್ದೀನಿ.

ಸೆರೆಬ್ಲಾನ್ ಯಾರು? ಕೋಶದ ಕಸ ವಿಲೇವಾರಿ ವಿಭಾಗದವನು. ಕೋಶದಲ್ಲಿ ಹಳೇ, ಬೇಡವಾದ ಪ್ರೋಟೀನ್‌ಗಳ ಮೇಲೆ ಯುಬಿಕ್ವಿಟಿನ್ ಅನ್ನೋ ಚೀಟಿ ಅಂಟಿಸ್ತಾರೆ. ಚೀಟಿ ಬಿದ್ದದ್ದನ್ನ ಪ್ರೋಟಿಯಾಸೋಮ್ ಅನ್ನೋ ಯಂತ್ರ ಪುಡಿ ಮಾಡುತ್ತೆ. ಯಾರಿಗೆ ಚೀಟಿ ಅಂಟಿಸಬೇಕು ಅಂತ ಬೆರಳು ತೋರಿಸೋ ಕೆಲಸ ಸೆರೆಬ್ಲಾನ್ ಥರದವರದ್ದು. ನಮ್ಮ ಬೀದಿಯಲ್ಲಿ ಬೆಳಗ್ಗೆ ಹಾಡು ಹಾಕ್ಕೊಂಡು ಬರೋ ಕಸದ ಆಟೋ ನೆನೆಸಿಕೊಳ್ಳಿ. ಬಾಗಿಲಲ್ಲಿ ಏನು ಇಟ್ಟಿದ್ರೂ ತಗೊಂಡು ಹೋಗುತ್ತೆ. ಇಡಬಾರದ್ದನ್ನ ಇಟ್ಟರೆ?

ಹಂಡಾ ತಂಡ ಮೊದಲು ಹಾಗೆ ಯೋಚಿಸಲಿಲ್ಲ. ಥಾಲಿಡೋಮೈಡ್ ಕೂತು ಸೆರೆಬ್ಲಾನ್‌ನ ಕೆಲಸ ನಿಲ್ಲಿಸುತ್ತೆ ಅನ್ನೋದು ಅವರ ಅಂದಾಜು, ಹಳೇ ಬೀಗ-ಕಡ್ಡಿ ಲೆಕ್ಕ. ಆದರೆ ಅದರಲ್ಲಿ ಒಂದು ತೊಡಕಿತ್ತು. ಸೆರೆಬ್ಲಾನ್ ಅನ್ನೋ ಹೆಸರೇ ಬಂದದ್ದು 2004ರ ಒಂದು ಸಂಶೋಧನೆಯಿಂದ. ಒಂದು ಕುಟುಂಬದಲ್ಲಿ ಈ ಜೀನ್ ಹಾಳಾಗಿತ್ತು. ಆ ಮನೆಯವರಿಗೆ ಬುದ್ಧಿ ಬೆಳವಣಿಗೆಯಲ್ಲಿ ಅಲ್ಪಸ್ವಲ್ಪ ತೊಂದರೆ ಇತ್ತೇ ಹೊರತು ಕೈಕಾಲು ಸರಿಯಾಗೇ ಇತ್ತು. ಸೆರೆಬ್ಲಾನ್ ಕೆಲಸ ನಿಂತರೆ ಕೈ ಬೆಳೆಯಲ್ಲ ಅನ್ನೋದಾದ್ರೆ ಇವರಿಗೆ ಯಾಕೆ ಹಾಗಾಗಲಿಲ್ಲ?

ಉತ್ತರ ಬಂದದ್ದು ಲೆಕ್ಕಪತ್ರದ ದಾರಿಯಿಂದ. ಈ ಭಾಗ ಓದುವಾಗ ನನಗೆ ಖುಷಿಯೋ ಖುಷಿ, ಯಾಕಂದ್ರೆ ಇದು ಪಕ್ಕಾ ಬ್ಯಾಂಕ್ ರಿಕನ್ಸಿಲಿಯೇಷನ್. ಕಾಮರ್ಸ್ ಓದಿದವರಿಗೆ ಗೊತ್ತು: ಒಂದು ಕಡೆ ನಮ್ಮ ಕ್ಯಾಶ್ ಬುಕ್, ಇನ್ನೊಂದು ಕಡೆ ಬ್ಯಾಂಕಿನ ಪಾಸ್ ಬುಕ್. ಸಾಲು ಸಾಲಾಗಿ ಟಿಕ್ ಹಾಕ್ತಾ ಹೋಗಿ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು ಯಾವುದು ಅಂತ ಹುಡುಕೋದು. 2002ರಲ್ಲಿ ಡೆನ್ಮಾರ್ಕ್‌ನಲ್ಲಿ ಮಥಿಯಾಸ್ ಮಾನ್ ಅವರ ತಂಡ ಇದನ್ನೇ ಪ್ರೋಟೀನ್‌ಗಳಿಗೆ ಮಾಡೋ ದಾರಿ ತೋರಿಸಿತ್ತು, ಸಿಲಾಕ್ ಅಂತ. ಒಂದು ತಟ್ಟೆಯ ಕೋಶಗಳಿಗೆ ಮಾಮೂಲಿ ಆಹಾರ. ಇನ್ನೊಂದು ತಟ್ಟೆಯವಕ್ಕೆ ಸ್ವಲ್ಪ ಭಾರವಾದ ಕಾರ್ಬನ್, ನೈಟ್ರೋಜನ್ ಇರೋ ಆಹಾರ. ಜೀವಕ್ಕೆ ವ್ಯತ್ಯಾಸ ಇಲ್ಲ, ತಕ್ಕಡಿಗೆ ಮಾತ್ರ ಗೊತ್ತಾಗುತ್ತೆ. ಎರಡು ಬಣ್ಣದ ಇಂಕಿನಲ್ಲಿ ಬರೆದ ಎರಡು ಲೆಡ್ಜರ್ ಇದ್ದ ಹಾಗೆ. ಒಂದು ತಟ್ಟೆಗೆ ಔಷಧ ಹಾಕಿ, ಇನ್ನೊಂದಕ್ಕೆ ಹಾಕದೆ, ಎರಡನ್ನೂ ಬೆರೆಸಿ ತೂಗಿದರೆ, ಪ್ರತಿ ಪ್ರೋಟೀನ್‌ಗೂ ಎರಡು ಗೆರೆ ಬರುತ್ತೆ. ಸಮಾನ ಇದ್ದರೆ ಟಿಕ್. ಔಷಧ ಹಾಕಿದ ಕಡೆಯ ಗೆರೆ ಕುಗ್ಗಿದ್ದರೆ, ಕಳ್ಳತನ ಆಗಿದೆ.

ಬಾಸ್ಟನ್‌ನಲ್ಲಿ ಬೆಂಜಮಿನ್ ಈಬರ್ಟ್ ಅವರ ತಂಡದ ಯಾನ್ ಕ್ರೋಂಕೆ ಮತ್ತವರ ಜೊತೆಗಾರರು ಮೈಲೋಮಾ ಕೋಶಗಳಿಗೆ ಲೆನಲಿಡೋಮೈಡ್ ಹಾಕಿ ಈ ತಾಳೆ ನೋಡಿದರು. ಬರೀ ಯಾರು ಕಡಿಮೆಯಾದರು ಅಂತಲ್ಲ, ಯಾರ ಮೇಲೆ ಚೀಟಿ ಹೆಚ್ಚಾಯ್ತು, ಯಾರು ಸೆರೆಬ್ಲಾನ್‌ಗೆ ಅಂಟಿಕೊಂಡರು ಅಂತ ಮೂರೂ ಕಡೆಯಿಂದ. ಇಲ್ಲಿ ಒಂದು ಕಷ್ಟ ಇದೆ: ಜೋಡಿ ಕೂಡಿದ ಕೂಡಲೇ ಒಬ್ಬನನ್ನ ಪುಡಿ ಮಾಡಿಬಿಡ್ತಾರಲ್ಲ, ತೂಗೋದು ಯಾರನ್ನ? ಅದಕ್ಕೇ ಇಂಥ ಪ್ರಯೋಗಗಳಲ್ಲಿ ಪುಡಿ ಮಾಡೋ ಯಂತ್ರವನ್ನ ಬೇರೆ ಔಷಧದಿಂದ ಸ್ವಲ್ಪ ಹೊತ್ತು ನಿಲ್ಲಿಸ್ತಾರೆ. ಅಷ್ಟೆಲ್ಲ ಮಾಡಿ ತಾಳೆ ನೋಡಿದಾಗ, ಸಾವಿರಾರು ಸಾಲುಗಳಲ್ಲಿ ಎರಡು ಹೆಸರು ಎದ್ದು ಕಂಡವು. ಇಕಾರೋಸ್, ಐಯೋಲೋಸ್. ಮೈಲೋಮಾ ಕೋಶ ಬದುಕೋಕೆ ಬೇಕಾದ ಎರಡು ಪ್ರೋಟೀನ್. ಔಷಧ ಇಲ್ಲದಿದ್ದಾಗ ಸೆರೆಬ್ಲಾನ್ ಅವೆರಡರ ತಂಟೆಗೆ ಹೋಗಲ್ಲ. ಔಷಧ ಬಂದ ಮೇಲೆ ತಬ್ಬಿ, ಚೀಟಿ ಅಂಟಿಸಿ, ಕಸಕ್ಕೆ ಹಾಕ್ತಾನೆ. ಬಾಸ್ಟನ್‌ನಲ್ಲೇ ವಿಲಿಯಂ ಕೇಲಿನ್ ಅವರ ತಂಡ ತಕ್ಕಡಿ ಮುಟ್ಟದೆ, ಹೊಳೆಯೋ ಪ್ರೋಟೀನ್‌ಗಳ ದಾರಿಯಿಂದ ಹೋಗಿ ಅದೇ ಎರಡು ಹೆಸರಿಗೆ ಬಂದು ನಿಂತಿತ್ತು. ಎರಡೂ ವರದಿ 2014ರ ಜನವರಿಯ ಸೈನ್ಸ್ ಸಂಚಿಕೆಯಲ್ಲಿ ಒಟ್ಟಿಗೆ ಅಚ್ಚಾದವು.

ದೊಡ್ಡಪ್ಪನ ಕ್ಯಾಪ್ಸೂಲ್ ಮಾಡ್ತಿದ್ದದ್ದು ಇದನ್ನೇ. ಸೆರೆಬ್ಲಾನ್ ಕೆಲಸ ನಿಲ್ಲಿಸ್ತಿರಲಿಲ್ಲ, ಅವನಿಗೆ ಹೊಸ ಕೆಲಸ ಕೊಡ್ತಿತ್ತು.

ಇಷ್ಟಾದರೂ ಮಕ್ಕಳ ಕೈಗಳ ಪ್ರಶ್ನೆ ಹಾಗೇ ಇತ್ತು. ಇಕಾರೋಸ್ ಇರೋದು ಮುಖ್ಯವಾಗಿ ರಕ್ತದ ಕೋಶಗಳಲ್ಲಿ, ಅದಕ್ಕೂ ಕೈಗೂ ಸಂಬಂಧ ಇಲ್ಲ. ಹಾಗಾದ್ರೆ ಗರ್ಭದಲ್ಲಿ ಸೆರೆಬ್ಲಾನ್ ಇನ್ಯಾರನ್ನೋ ಕಸಕ್ಕೆ ಹಾಕ್ತಿರಬೇಕು. ಡಾನಾ-ಫಾರ್ಬರ್ ಸಂಸ್ಥೆಯಲ್ಲಿ ಎರಿಕ್ ಫಿಷರ್ ಅವರ ತಂಡ, ಅದರಲ್ಲಿ ಮುಖ್ಯವಾಗಿ ಕ್ಯಾಥರೀನ್ ಡೋನೊವನ್, ಮನುಷ್ಯರ ಭ್ರೂಣದ ಆಕರ ಕೋಶಗಳಿಗೆ ಥಾಲಿಡೋಮೈಡ್, ಲೆನಲಿಡೋಮೈಡ್, ಪೊಮಾಲಿಡೋಮೈಡ್ ಮೂರನ್ನೂ ಬೇರೆ ಬೇರೆಯಾಗಿ ಹಾಕಿ, ಇದ್ದಬದ್ದ ಪ್ರೋಟೀನ್‌ಗಳನ್ನೆಲ್ಲ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಿ ಮತ್ತೆ ತಾಳೆ ನೋಡಿತು. ಮೂರರಲ್ಲೂ ಮಾಯವಾಗಿದ್ದ ಒಂದು ಹೆಸರು ಸಾಲ್4.

ಈ ಹೆಸರು ವೈದ್ಯರಿಗೆ ಹೊಸದಲ್ಲ. ಸಾಲ್4 ಜೀನಿನ ಎರಡು ಪ್ರತಿಗಳಲ್ಲಿ ಒಂದು ಹಾಳಾಗಿ ಹುಟ್ಟೋ ಮಕ್ಕಳಿದ್ದಾರೆ. ಹೆಬ್ಬೆರಳು ಇರಲ್ಲ, ಮುಂಗೈ ಮೋಟು, ಕಿವಿ, ಕಣ್ಣು, ಹೃದಯದ ತೊಂದರೆ. ಡುವಾನ್-ರೇಡಿಯಲ್ ರೇ ಸಿಂಡ್ರೋಮ್ ಅಂತಾರೆ. ಥಾಲಿಡೋಮೈಡ್‌ನಿಂದ ಹೀಗಾಗಿದೆ ಅಂತ ಹಿಂದೆ ದಾಖಲಾಗಿದ್ದ ಕೆಲವರನ್ನ ಪರೀಕ್ಷೆ ಮಾಡಿದಾಗ ಅದು ನಿಜವಾಗಿ ಸಾಲ್4 ತೊಂದರೆ ಅಂತ 2003ರಲ್ಲೇ ಗೊತ್ತಾಗಿತ್ತು. ಅಷ್ಟು ಹೋಲಿಕೆ. ಅಂದ್ರೆ ಸುಳಿವು ಹದಿನೈದು ವರ್ಷ ಕಣ್ಣ ಮುಂದೇ ಇತ್ತು. ಡೋನೊವನ್ ಅವರ ವರದಿ ಬಂದದ್ದು 2018ರ ಆಗಸ್ಟ್. ಬೇರೊಂದು ತಂಡವೂ ಅದೇ ವರ್ಷ ಅದೇ ಉತ್ತರ ಪ್ರಕಟಿಸಿತು.

ಈಗ ಆ ಇಲಿಗಳಿಗೆ ವಾಪಸ್ ಬರೋಣ, ಎಷ್ಟು ಕೊಟ್ಟರೂ ಏನೂ ಆಗದ ಆ ಇಲಿಗಳು. ಇಲಿಯ ಸೆರೆಬ್ಲಾನ್ ನಮ್ಮದರ ಥರಾನೇ ಇದೆ. ಆದರೆ 391ನೇ ಜಾಗದಲ್ಲಿ ನಮ್ಮಲ್ಲಿ ವ್ಯಾಲಿನ್ ಇರೋ ಕಡೆ ಇಲಿಗೆ ಐಸೋಲ್ಯೂಸಿನ್. ಒಂದೇ ಒಂದು ಮಣಿ ಬೇರೆ. ಅಷ್ಟಕ್ಕೇ ಔಷಧ ಕೂತರೂ ಇಕಾರೋಸ್‌ನಂಥವರು ಬಂದು ತಬ್ಬೋಕೆ ಆಗಲ್ಲ. ಇದು ಈಬರ್ಟ್ ತಂಡ 2015ರಲ್ಲಿ ಕಂಡದ್ದು. ಅದೂ ಸಾಲದು ಅಂತ ಇಲಿಯ ಸಾಲ್4 ಕೂಡ ಬೇರೆ ಆಕಾರದ್ದು, ಮನುಷ್ಯನ ಸೆರೆಬ್ಲಾನ್ ಕೊಟ್ಟರೂ ಅದು ಸಿಕ್ಕಿಬೀಳಲ್ಲ. ಇಲಿಗೆ ಎರಡೆರಡು ಬೀಗ, ನಮಗೆ ಒಂದೂ ಇಲ್ಲ. ಮೊಲಕ್ಕೂ ಇಲ್ಲ. 1962ರಲ್ಲಿ ಬ್ರಿಟನ್ನಿನಲ್ಲಿ ಬಸುರಿ ಮೊಲಗಳಿಗೆ ಕೊಟ್ಟು ನೋಡಿದಾಗ ಮರಿಗಳು ಅಂಗ ಊನವಾಗೇ ಹುಟ್ಟಿದ್ದವು.

ಹಾಗಂತ "ಪಾಪ, ಕಂಪನಿಗೆ ಗೊತ್ತಾಗೋಕೆ ಸಾಧ್ಯವೇ ಇರಲಿಲ್ಲ" ಅಂತ ಹೇಳೋಕೆ ನಾನು ತಯಾರಿಲ್ಲ. ಬಸುರಿಯರಿಗೆ ಒಳ್ಳೇದು ಅಂತ ಮಾರುವ ಮುಂಚೆ ಬಸುರಿ ಪ್ರಾಣಿಗಳ ಮೇಲೆ ನೋಡೇ ಇರಲಿಲ್ಲ. ನೋಡಿದ್ದು ನಿದ್ದೆ ಬರುತ್ತಾ, ಸಾಯುತ್ತಾ ಅಂತ ಮಾತ್ರ. 391ನೇ ಜಾಗದ ಮಣಿ ಅವರ ತಪ್ಪಲ್ಲ. ಮೊಲ ಅಂಗಡಿಯಲ್ಲಿ ಸಿಗ್ತಿತ್ತು.

ಸಾಲ್4 ಒಂದೇ ಎಲ್ಲಕ್ಕೂ ಕಾರಣ ಅಂತಲೂ ಅಲ್ಲ. ಹಂಡಾ ತಂಡ 2010ರಲ್ಲಿ ಜೀಬ್ರಾ ಮೀನಿನ ಮರಿಗಳ ಮೇಲೆ ಪ್ರಯೋಗ ಮಾಡಿ, ರೆಕ್ಕೆ ಸರಿಯಾಗಿ ಬೆಳೆಯದ್ದನ್ನ ತೋರಿಸಿತ್ತು. ಆದರೆ ಡೋನೊವನ್ ವರದಿಯ ಪ್ರಕಾರ ಮೀನಿನ ಸಾಲ್4 ಈ ಔಷಧಕ್ಕೆ ಸಿಗಲ್ಲ. ಹಾಗಾದ್ರೆ ಮೀನಿನಲ್ಲಿ ಆದದ್ದೇನು? 2019ರಲ್ಲಿ ಜಪಾನಿನ ತಂಡ ಪಿ63 ಅನ್ನೋ ಇನ್ನೊಂದು ಹೆಸರು ಕೊಟ್ಟಿತು. ದಲ್ಲಾಳಿ ಒಂದೇ ಮನೆಯ ಮದುವೆ ಮಾಡಿಸಿರಲಿಲ್ಲ ಅಂತಾಯ್ತು.

ವಿಡುಕಿಂಡ್ ಲೆಂಝ್ 1995ರಲ್ಲಿ ತೀರಿಕೊಂಡರು, ಅವರಿಗೆ ಸೆರೆಬ್ಲಾನ್ ಹೆಸರೂ ಗೊತ್ತಿರಲಿಲ್ಲ. ಫ್ರಾನ್ಸಿಸ್ ಕೆಲ್ಸಿ 101 ವರ್ಷ ಬದುಕಿ 2015ರಲ್ಲಿ ಹೋದರು, ಸಾಲ್4 ಗೊತ್ತಾಗೋಕೆ ಮೂರು ವರ್ಷ ಮುಂಚೆ. ಗ್ರೂನೆಂಥಾಲ್ ಕಂಪನಿಯ ಮುಖ್ಯಸ್ಥರು ಮೊದಲ ಸಲ ಬಹಿರಂಗವಾಗಿ ಕ್ಷಮೆ ಕೇಳಿದ್ದು 2012ರ ಆಗಸ್ಟ್ 31ರಂದು, ಸ್ಟೋಲ್‌ಬರ್ಗ್‌ನಲ್ಲಿ ಒಂದು ಸ್ಮಾರಕ ತೆರೆಯುವಾಗ. ಅಷ್ಟು ಹೊತ್ತಿಗೆ ಆ ಮಕ್ಕಳಿಗೆ ಐವತ್ತು ವರ್ಷ ಆಗಿತ್ತು. ಆಸ್ಟ್ರೇಲಿಯಾ ಸರ್ಕಾರ ಕ್ಷಮೆ ಕೇಳಿದ್ದು 2023ರ ನವೆಂಬರ್‌ನಲ್ಲಿ. ಬ್ರೆಜಿಲ್‌ನಲ್ಲಿ ಕುಷ್ಠರೋಗಕ್ಕೆ ಈ ಮಾತ್ರೆ ಬಳಸ್ತಾ ಬಂದಿದ್ದರಿಂದ ಅಲ್ಲಿ 2000ದ ನಂತರವೂ ಇಂಥ ಮಕ್ಕಳು ಹುಟ್ಟಿದ್ದು ದಾಖಲಾಗಿದೆ.

ಈಗ ಅಂಟು ಔಷಧಗಳನ್ನ ಬೇಕಂತಲೇ ತಯಾರಿಸೋ ಕಾಲ. ಯಾವ ಔಷಧದಿಂದಲೂ ಮುಟ್ಟೋಕೆ ಆಗದ ಕ್ಯಾನ್ಸರ್ ಪ್ರೋಟೀನನ್ನ ಸೆರೆಬ್ಲಾನ್ ಕೈಗೆ ಒಪ್ಪಿಸಿದರೆ ಸಾಕು ಅನ್ನೋ ಆಸೆ. ಕಾರ್ನೆಲ್‌ನ ಮೂವರು ಮಾಡಿದ ಹಾಗೆ ಜೋಡಿಯನ್ನ ಒಡೆಯದೆ ಹಾರಿಸಿ ತೂಗೋದನ್ನ ಈಗ ನೇಟಿವ್ ಮಾಸ್ ಸ್ಪೆಕ್ಟ್ರೋಮೆಟ್ರಿ ಅಂತಾರೆ. ಸೆರೆಬ್ಲಾನ್ ಒಂದೇ, ಸೆರೆಬ್ಲಾನ್ ಮತ್ತು ಔಷಧ, ಅವೆರಡರ ಜೊತೆ ಮೂರನೆಯದು, ಇಷ್ಟನ್ನೂ ಒಂದೇ ಚಿತ್ರದಲ್ಲಿ ಬೇರೆ ಬೇರೆ ಗೆರೆಯಾಗಿ ನೋಡಬಹುದು. ಆಮೇಲೆ ಕೋಶದೊಳಗೆ ತಾಳೆ: ಬೇಕಾದದ್ದು ಹೋಯ್ತಾ, ಬೇಡವಾದದ್ದು ಯಾವುದಾದರೂ ಜೊತೆಗೆ ಹೋಯ್ತಾ? ಸೆರೆಬ್ಲಾನ್ ಬಳಸಿ ಹೊಸ ಅಣು ಮಾಡೋರು ಆ ಎರಡನೇ ಪಟ್ಟಿಯಲ್ಲಿ ತಪ್ಪದೆ ಹುಡುಕೋ ಹೆಸರು ಸಾಲ್4.

ನಾನು ಡಾಕ್ಟರ್ ಅಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಈ ಔಷಧ ತಗೊಳ್ತಿದ್ರೆ ನಿಲ್ಲಿಸಬೇಡಿ, ಡಬ್ಬದ ಒಳಗಿನ ಕಾಗದ ಓದಿ, ಪ್ರಶ್ನೆ ಇದ್ದರೆ ಡಾಕ್ಟರನ್ನ ಕೇಳಿ. ದೊಡ್ಡಪ್ಪ ಎರಡು ವರ್ಷದಿಂದ ಅದೇ ಕ್ಯಾಪ್ಸೂಲ್ ಮೇಲಿದ್ದಾರೆ, ತೆಂಗಿನ ತೋಟಕ್ಕೆ ದಿನಾ ಹೋಗ್ತಾರೆ. ಈ ಕಂತು ರೆಕಾರ್ಡ್ ಮಾಡೋ ಮುಂಚೆ ಫೋನ್ ಮಾಡಿ ಕಥೆ ಪೂರ್ತಿ ಹೇಳಿದೆ. ಕೇಳಿಸ್ಕೊಂಡು, "ಹಂಗಾದ್ರೆ ಆ ಅಡ್ಡಗೀಟು ನಂಗಲ್ಲ, ಪಾಪುಗೆ" ಅಂದ್ರು. ಪಾಪು ಹಿಂದೆ ಕಿರುಚ್ತಾ ಇದ್ದಿದ್ದು ನನಗೂ ಕೇಳಿಸ್ತಿತ್ತು.

ಮುಂದಿನ ವಾರ ಸಿಗೋಣ.